ಓಡುತ್ತಿರುವ ಕಾರ್ಖಾನೆಯನ್ನು ಬೇರೆಯವರ ದುಡ್ಡಿನಲ್ಲಿ ಕೊಳ್ಳಬಹುದಾ?

2025ರ ಅಕ್ಟೋಬರ್ 1ರಂದು ರಿಸರ್ವ್ ಬ್ಯಾಂಕಿನ ಗವರ್ನರ್ ಸಂಜಯ್ ಮಲ್ಹೋತ್ರಾ ಒಂದು ಘೋಷಣೆ ಮಾಡಿದರು. ಭಾರತದ ಕಂಪನಿಯೊಂದು ಇನ್ನೊಂದು ಕಂಪನಿಯನ್ನು ಕೊಳ್ಳಲು ಹೊರಟರೆ ಅದಕ್ಕೆ ನಮ್ಮ ಬ್ಯಾಂಕುಗಳು ಸಾಲ ಕೊಡಲು ದಾರಿ ಮಾಡಿಕೊಡುತ್ತೇವೆ ಎಂದರು. ಅಲ್ಲಿಯವರೆಗೆ ಷೇರು ಕೊಂಡು ಕಂಪನಿಯನ್ನು ಕೈಗೆ ತೆಗೆದುಕೊಳ್ಳುವ ವ್ಯವಹಾರಕ್ಕೆ ಬ್ಯಾಂಕಿನ ಬಾಗಿಲು ಹೆಚ್ಚುಕಡಿಮೆ ಮುಚ್ಚಿತ್ತು.

ಇದರ ಜೊತೆಗೆ, ಅಮೆರಿಕದಿಂದ ಬಂದ ಇನ್ನೊಂದು ಮಾತು ಕೆಲವು ವರ್ಷಗಳಿಂದ ವಿಡಿಯೊಗಳಲ್ಲಿ ಸುತ್ತುತ್ತಿದೆ. ಹೊಸ ಸ್ಟಾರ್ಟಪ್ಪಿನ ತಲೆನೋವು ಬೇಡ, ಇಪ್ಪತ್ತು ಮೂವತ್ತು ವರ್ಷದಿಂದ ನಡೆಯುತ್ತಿರುವ ಸಣ್ಣ ಉದ್ದಿಮೆಯನ್ನು ಕೊಂಡುಬಿಡಿ. ಬಂಡವಾಳ ಹೂಡಿಕೆದಾರರದ್ದು, ಸಾಲ ಬ್ಯಾಂಕಿನದ್ದು, ಓನರ್ ಕುರ್ಚಿ ನಿಮ್ಮದು. ಎರಡನ್ನೂ ಕೂಡಿಸಿ ಓದಿದವರಿಗೆ ಒಂದು ಪ್ರಶ್ನೆ ಬರುವುದು ಸಹಜ. ಹಾಗಾದರೆ ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಮಷೀನ್ ಶಾಪನ್ನು ನಾಳೆ ಹೀಗೇ ಕೊಳ್ಳಬಹುದಾ?

ಕೊಳ್ಳಬಹುದು. ಆದರೆ ಆ ಸುದ್ದಿ ತೋರಿಸುವ ದಾರಿಯಲ್ಲಲ್ಲ. ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಉಳಿದದ್ದು ಬಿಡಿಸಿಕೊಳ್ಳುತ್ತದೆ: ಕೊಳ್ಳುವ ದುಡ್ಡು ಯಾರ ಜೇಬಿನಿಂದಲೇ ಬರಲಿ, ಅದನ್ನು ಕೊನೆಗೆ ತೀರಿಸಬೇಕಾದದ್ದು ಕೊಂಡ ಕಾರ್ಖಾನೆಯ ದುಡಿಮೆಯೇ. ಆ ದುಡಿಮೆ ಎಷ್ಟು ಭಾರ ತಡೆಯುತ್ತದೆ, ತಡೆಯದಿದ್ದರೆ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

ಇದು ಶುರುವಾದದ್ದು ಎಲ್ಲಿ

ಓಡುತ್ತಿರುವ ವ್ಯಾಪಾರವನ್ನು ಕೊಳ್ಳುವುದು ನಮಗೇನೂ ಹೊಸದಲ್ಲ. "ಬೇಕರಿ ಮಾರಾಟಕ್ಕಿದೆ, ರನ್ನಿಂಗ್ ಬಿಸಿನೆಸ್" ಅನ್ನುವ ಚೀಟಿ ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಕಣ್ಣಿಗೆ ಬೀಳುತ್ತದೆ. ಅಡ್ವಾನ್ಸ್ ಇಷ್ಟು, ಗುಡ್‌ವಿಲ್ ಇಷ್ಟು ಎಂದು ಮಾತಾಡಿ, ಅಣ್ಣತಮ್ಮಂದಿರ ಹತ್ತಿರ, ಚೀಟಿಯಲ್ಲಿ, ಒಡವೆ ಅಡವಿಟ್ಟು ದುಡ್ಡು ಹೊಂದಿಸುತ್ತಾರೆ. ಹೊಸದು ಏನೆಂದರೆ, ಇದನ್ನು ಹೊರಗಿನ ಹೂಡಿಕೆದಾರರ ಹಣದಲ್ಲಿ, ಕರಾರಿನ ಮೇಲೆ, ಒಂದು ಕ್ರಮದಲ್ಲಿ ಮಾಡುವುದು.

ಆ ಕ್ರಮಕ್ಕೆ ಅಮೆರಿಕದಲ್ಲಿ ಸರ್ಚ್ ಫಂಡ್ ಎಂದು ಹೆಸರು. 1984ರಲ್ಲಿ ಇದಕ್ಕೆ ರೂಪ ಕೊಟ್ಟವರು ಇರ್ವಿಂಗ್ ಗ್ರೌಸ್‌ಬೆಕ್. ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿಸಿನೆಸ್ ಶಾಲೆ ಇದರ ತವರಾಯಿತು. ಎಂಬಿಎ ಮುಗಿಸಿದ ಒಬ್ಬರೋ ಇಬ್ಬರೋ ಹತ್ತು ಹದಿನೈದು ಹೂಡಿಕೆದಾರರ ಹತ್ತಿರ ಹೋಗುತ್ತಾರೆ. ಮೊದಲು ಕೇಳುವುದು ಹುಡುಕಾಟದ ಖರ್ಚು ಮಾತ್ರ: ಎರಡು ವರ್ಷದ ಸಂಬಳ, ಓಡಾಟ, ವಕೀಲರ ಫೀಸು. ಒಳ್ಳೆಯ ಉದ್ದಿಮೆ ಸಿಕ್ಕ ಮೇಲೆ ಅದೇ ಹೂಡಿಕೆದಾರರ ಮುಂದೆ ಇಡುತ್ತಾರೆ. ಬೇಕಾದವರು ದೊಡ್ಡ ಮೊತ್ತ ಹಾಕುತ್ತಾರೆ, ಬೇಡವಾದವರು ಬಿಡುತ್ತಾರೆ. ಬಿಟ್ಟವರಿಗೂ ಹುಡುಕಾಟಕ್ಕೆ ಕೊಟ್ಟ ಹಣ ಸಾಮಾನ್ಯವಾಗಿ ಒಂದೂವರೆ ಪಟ್ಟಾಗಿ ಆ ಉದ್ದಿಮೆಯ ಪಾಲಿನ ಲೆಕ್ಕಕ್ಕೆ ಬರುತ್ತದೆ.

ಹುಡುಕಿದವರು ಆ ಕಂಪನಿಯ ಮುಖ್ಯಸ್ಥರಾಗುತ್ತಾರೆ. ಎಲ್ಲ ಸರಿಹೋದರೆ ಅವರ ಪಾಲು 25% ತನಕ ಹೋಗುತ್ತದೆ. ಅದು ಒಂದೇ ಸಲಕ್ಕೆ ಸಿಗುವುದಿಲ್ಲ. ಮೂರನೇ ಒಂದು ಭಾಗ ಖರೀದಿಯ ದಿನ, ಇನ್ನೊಂದು ಭಾಗ ನಾಲ್ಕೈದು ವರ್ಷ ನಡೆಸಿದಂತೆಲ್ಲ, ಉಳಿದದ್ದು ಹೂಡಿಕೆದಾರರಿಗೆ ವರ್ಷಕ್ಕೆ 20%ರಿಂದ 35%ರವರೆಗೆ ಲಾಭ ಬಂದರೆ ಮಾತ್ರ.

ಈ ದಾರಿಯ ದೊಡ್ಡ ಕಥೆ ಎಂದರೆ ಅಶುರಿಯನ್. 1995ರಲ್ಲಿ ಕೆವಿನ್ ಟವೀಲ್ ಮತ್ತು ಜಿಮ್ ಎಲ್ಲಿಸ್ ಎಂಬಿಬ್ಬರು ರೋಡ್ ರೆಸ್ಕ್ಯೂ ಎಂಬ ಸಣ್ಣ ಕಂಪನಿಯನ್ನು ಕೊಂಡರು. ದಾರಿಯಲ್ಲಿ ಕಾರು ಕೆಟ್ಟು ನಿಂತರೆ ನೆರವು ಕಳಿಸುವುದು ಅದರ ಕೆಲಸ. ಅದೇ ಮುಂದೆ ಮೊಬೈಲ್ ಫೋನ್ ವಿಮೆಯತ್ತ ತಿರುಗಿ ಆ ಕ್ಷೇತ್ರದಲ್ಲಿ ಜಗತ್ತಿನ ದೊಡ್ಡ ಕಂಪನಿಗಳಲ್ಲಿ ಒಂದಾಯಿತು.

ಸ್ಟ್ಯಾನ್‌ಫರ್ಡ್ ಎರಡು ವರ್ಷಕ್ಕೊಮ್ಮೆ ಲೆಕ್ಕ ಬಿಡುಗಡೆ ಮಾಡುತ್ತದೆ. 2024ರ ವರದಿಯ ಪ್ರಕಾರ ಅಮೆರಿಕ ಮತ್ತು ಕೆನಡಾದಲ್ಲಿ ಅಲ್ಲಿಯವರೆಗೆ 681 ಸರ್ಚ್ ಫಂಡ್ ಹುಟ್ಟಿವೆ. ಹೂಡಿಕೆದಾರರಿಗೆ ಸರಾಸರಿ ವಾರ್ಷಿಕ ಲಾಭ 35.1%. ವಿಡಿಯೊಗಳಲ್ಲಿ ಕೇಳಿಬರುವುದು ಈ ಒಂದು ಅಂಕಿ. ಅದರ ಹಿಂದೆ ಎರಡು ಸಂಗತಿ ಇವೆ. ಹುಡುಕಲು ಹೊರಟವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಏನನ್ನೂ ಕೊಳ್ಳದೆ ವಾಪಸಾಗುತ್ತಾರೆ. ಕೊಂಡವರಲ್ಲೂ ಹೂಡಿಕೆದಾರರ ಹಣ ಕಳೆದವರು ಕಡಿಮೆಯೇನಿಲ್ಲ. ಸರಾಸರಿಯನ್ನು ಮೇಲಕ್ಕೆ ಎಳೆಯುವುದರಲ್ಲಿ ಅಶುರಿಯನ್ ತರದ ದೊಡ್ಡ ಗೆಲುವುಗಳ ಪಾಲೂ ಇದೆ.

ಈಗಲೇ ಯಾಕೆ ಇಷ್ಟು ಸದ್ದು

ಕಾರಣ ವಯಸ್ಸು. ಅಮೆರಿಕದಲ್ಲಿ ಎರಡನೇ ಮಹಾಯುದ್ಧದ ನಂತರ ಹುಟ್ಟಿದ ತಲೆಮಾರು, ಅಂದರೆ 1946ರಿಂದ 1964ರ ನಡುವೆ ಹುಟ್ಟಿದವರು, ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಸಣ್ಣ ಉದ್ದಿಮೆಗಳಲ್ಲಿ ದೊಡ್ಡ ಪಾಲು ಇವರ ಕೈಯಲ್ಲಿದೆ.

ಜಪಾನಿನ ಸ್ಥಿತಿ ಇನ್ನೂ ಕಠಿಣ. 2025ರ ಹೊತ್ತಿಗೆ 70 ದಾಟಿದ ಸಣ್ಣ ಉದ್ದಿಮೆದಾರರು ಸುಮಾರು 24.5 ಲಕ್ಷ ಇರುತ್ತಾರೆ, ಅವರಲ್ಲಿ ಸುಮಾರು 12.7 ಲಕ್ಷ ಜನಕ್ಕೆ ಮುಂದೆ ನಡೆಸುವವರೇ ಇಲ್ಲ ಎಂದು ಅಲ್ಲಿನ ಸರ್ಕಾರ ಮೊದಲೇ ಅಂದಾಜು ಮಾಡಿತ್ತು. ಲಾಭದಲ್ಲಿರುವ ಕಾರ್ಖಾನೆಗಳೂ ನಡೆಸುವವರಿಲ್ಲ ಎಂಬ ಒಂದೇ ಕಾರಣಕ್ಕೆ ಮುಚ್ಚುತ್ತಿವೆ.

ನಮ್ಮಲ್ಲೂ ಇದರ ನೆರಳು ಬಿದ್ದಿದೆ. ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆದದ್ದು 1970ರ ದಶಕದಿಂದ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ಗೆ ಬಿಡಿಭಾಗ ಮಾಡಿಕೊಡುವ ಜಾಬ್ ವರ್ಕಿನಿಂದ ಅಲ್ಲಿ ಎಷ್ಟೋ ಶೆಡ್ಡುಗಳು ಎದ್ದವು. ಬೆಳಗಾವಿಯ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿಯ ಫೌಂಡ್ರಿಗಳದ್ದೂ (ಲೋಹ ಎರಕ ಹೊಯ್ಯುವ ಕಾರ್ಖಾನೆಗಳು) ಹೀಗೇ ಕೈ ಕೆಸರು ಮಾಡಿಕೊಂಡು ಬೆಳೆದ ಕಥೆ. ಆಗ ಮೂವತ್ತರ ಆಸುಪಾಸಿನಲ್ಲಿ ಲೇತ್ ಹಾಕಿ ಶುರು ಮಾಡಿದವರಿಗೆ ಈಗ ಎಂಬತ್ತರ ಆಸುಪಾಸು. ಮಕ್ಕಳು ಸಾಫ್ಟ್‌ವೇರ್‌ನಲ್ಲೋ ವಿದೇಶದಲ್ಲೋ ಇದ್ದಾರೆ. ಕಾರ್ಖಾನೆಗೆ ಆರ್ಡರ್ ಇದೆ, ಹಳೆಯ ಕೆಲಸಗಾರರಿದ್ದಾರೆ, ಬೆಳಗ್ಗೆ ಬಂದು ಬೀಗ ತೆಗೆಯುವ ಮುಂದಿನವರು ಮಾತ್ರ ಇಲ್ಲ.

ದುಡ್ಡು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ

ಒಂದು ಲೆಕ್ಕ ಹಾಕಿ ನೋಡೋಣ. ಕಾರ್ಖಾನೆ ಕಾಲ್ಪನಿಕ, ಅಂಕಿಗಳು ಅರ್ಥವಾಗಲಿ ಎಂದು ಇಟ್ಟುಕೊಂಡವು.

ಬಡ್ಡಿ, ತೆರಿಗೆ, ಯಂತ್ರದ ಸವಕಳಿ ಕಳೆಯುವ ಮೊದಲು ವರ್ಷಕ್ಕೆ 3 ಕೋಟಿ ಲಾಭ ಮಾಡುವ ಮಷೀನ್ ಶಾಪ್ ಇದೆ ಎಂದುಕೊಳ್ಳಿ. ಲಾಭದ ನಾಲ್ಕು ಪಟ್ಟು, ಅಂದರೆ 12 ಕೋಟಿಗೆ ಮಾತಾಯಿತು. ಇದರಲ್ಲಿ 4 ಕೋಟಿ ಹೂಡಿಕೆದಾರರದ್ದು. 5 ಕೋಟಿ ಸಾಲ, 11% ಬಡ್ಡಿ, ಏಳು ವರ್ಷದ ಅವಧಿ. ಉಳಿದ 3 ಕೋಟಿಗೆ ಮಾರುವ ಯಜಮಾನರೇ ಕಾಯುತ್ತಾರೆ. ವರ್ಷಕ್ಕೆ 60 ಲಕ್ಷದಂತೆ ಐದು ವರ್ಷ, ಬಡ್ಡಿ ಇಲ್ಲದೆ.

ಮೊದಲ ವರ್ಷ ಏನಾಗುತ್ತದೆ? ಬಡ್ಡಿಗೆ 55 ಲಕ್ಷ. ಅಸಲಿನ ಕಂತು 71 ಲಕ್ಷ. ಹಳೆಯ ಯಜಮಾನರ ಕಂತು 60 ಲಕ್ಷ. ಸವಕಳಿ 40 ಲಕ್ಷ ಎಂದು ಹಿಡಿದರೆ ತೆರಿಗೆ ಸುಮಾರು 52 ಲಕ್ಷ. ಹಳೆ ಯಂತ್ರಗಳ ರಿಪೇರಿ, ಬದಲಾವಣೆಗೆ 30 ಲಕ್ಷ. ಒಟ್ಟು 2 ಕೋಟಿ 68 ಲಕ್ಷ. ಕೈಯಲ್ಲಿ ಉಳಿದದ್ದು 32 ಲಕ್ಷ.

ಪರವಾಗಿಲ್ಲ, ನಡೆಯುತ್ತದೆ ಅನ್ನಿಸುತ್ತದೆ ಅಲ್ವಾ? ಈಗ ಒಬ್ಬ ದೊಡ್ಡ ಗಿರಾಕಿ ಕೈಬಿಟ್ಟ ಎಂದುಕೊಳ್ಳಿ. ಲಾಭ 20% ಇಳಿದು 2 ಕೋಟಿ 40 ಲಕ್ಷಕ್ಕೆ ಬಂತು. ತೆರಿಗೆಯೂ ಇಳಿದು 36 ಲಕ್ಷ ಆಗುತ್ತದೆ. ಬೇರೆ ಯಾವುದೂ ಇಳಿಯುವುದಿಲ್ಲ. ಬಡ್ಡಿ, ಕಂತು, ರಿಪೇರಿ ಎಲ್ಲ ಹಾಗೇ. ಖರ್ಚು 2 ಕೋಟಿ 52 ಲಕ್ಷ. 12 ಲಕ್ಷ ಕಡಿಮೆ ಬೀಳುತ್ತದೆ. ಇದರ ಮೇಲೆ ಗಿರಾಕಿಗಳು ಬಿಲ್ಲಿಗೆ ಅರವತ್ತು, ತೊಂಬತ್ತು ದಿನ ತೆಗೆದುಕೊಳ್ಳುತ್ತಾರೆ. ಉಕ್ಕು ತರಲು ಮಾತ್ರ ಇವತ್ತೇ ದುಡ್ಡು ಬೇಕು.

ಹಳೆಯ ಯಜಮಾನರ ಕಾಲದಲ್ಲಿ ಇದೇ ಗಿರಾಕಿ ಹೋಗಿದ್ದರೆ ಕಾರ್ಖಾನೆ ಅಲುಗಾಡುತ್ತಿರಲಿಲ್ಲ. ಅವರಿಗೆ ಖರೀದಿ ಸಾಲವೇ ಇರಲಿಲ್ಲ. ಒಂದು ವರ್ಷ ಮನೆಗೆ ಕಡಿಮೆ ದುಡ್ಡು ತೆಗೆದುಕೊಂಡು ಸುಧಾರಿಸಿಕೊಳ್ಳುತ್ತಿದ್ದರು. ಕಾರ್ಖಾನೆ ಅದೇ, ಯಂತ್ರ ಅದೇ, ಕೆಲಸಗಾರರೂ ಅವರೇ. ಕೈ ಬದಲಾದ ಒಂದೇ ಕಾರಣಕ್ಕೆ ಅದು ಮುಂಚಿಗಿಂತ ನಾಜೂಕಾಗಿದೆ.

ಗಿರಾಕಿ ಕೈಬಿಡುವ ಸಂಭವವೂ ಈಗ ಜಾಸ್ತಿ. ಸಣ್ಣ ಕಾರ್ಖಾನೆಗಳಲ್ಲಿ ಆರ್ಡರ್ ಬರುವುದು ಬರೀ ಬೆಲೆಗಲ್ಲ. ದೊಡ್ಡ ಕಂಪನಿಯ ಪರ್ಚೇಸ್ ಮ್ಯಾನೇಜರ್ ರಾತ್ರಿ ಎಂಟಕ್ಕೆ ಫೋನ್ ಮಾಡಿ "ಸಾರ್, ನಾಳೆ ಲೈನ್ ನಿಂತುಹೋಗುತ್ತೆ" ಅಂದರೆ ಯಜಮಾನರು ರಾತ್ರಿಯೇ ಇಬ್ಬರನ್ನು ಕರೆಸಿ ನೂರು ಪೀಸು ಮಾಡಿಸಿ ಬೆಳಗ್ಗೆ ಟೆಂಪೊ ಹತ್ತಿಸುತ್ತಾರೆ. ಇಪ್ಪತ್ತು ವರ್ಷ ಹೀಗೆ ನಡೆದುಕೊಂಡಿದ್ದಕ್ಕೆ ಆರ್ಡರ್ ಉಳಿದಿದೆ. ಇದು ಬ್ಯಾಲೆನ್ಸ್ ಶೀಟಿನಲ್ಲಿ ಎಲ್ಲೂ ಇಲ್ಲ, 12 ಕೋಟಿಯ ಬೆಲೆಯಲ್ಲಿ ಮಾತ್ರ ಸೇರಿದೆ. ಆದ್ದರಿಂದಲೇ ತಿಳಿದ ಹೂಡಿಕೆದಾರರು ಒಬ್ಬನೇ ಗಿರಾಕಿಯ ಮೇಲೆ ನಿಂತ ಕಾರ್ಖಾನೆಗೆ ಕೈ ಹಾಕುವುದಿಲ್ಲ. ಮಾರಿದ ಮೇಲೂ ಆರು ತಿಂಗಳೋ ವರ್ಷವೋ ಹಳಬರು ಜೊತೆಗಿರಬೇಕು ಎಂದು ಕೇಳುತ್ತಾರೆ. ಯಜಮಾನರ 3 ಕೋಟಿಯನ್ನು ಕಂತಿನಲ್ಲಿ ಇಡುವುದರ ಅರ್ಥವೂ ಇದೇ. ಅವರ ದುಡ್ಡು ಒಳಗಿರುವ ತನಕ ಫೋನಿಗೆ ಉತ್ತರ ಕೊಡುತ್ತಾರೆ.

ಅಮೆರಿಕದ ಸಾಲ ಇಲ್ಲಿಲ್ಲ

ಅಮೆರಿಕದಲ್ಲಿ ಈ ಲೆಕ್ಕ ಕೂಡಿಬರಲು ಒಂದು ಸರ್ಕಾರಿ ಆಸರೆ ಇದೆ. ಸ್ಮಾಲ್ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಎಂಬ ಸಂಸ್ಥೆ 7(ಎ) ಎಂಬ ಯೋಜನೆಯಲ್ಲಿ 50 ಲಕ್ಷ ಡಾಲರ್ ತನಕದ ಸಾಲದ ದೊಡ್ಡ ಭಾಗಕ್ಕೆ ಬ್ಯಾಂಕಿಗೆ ಖಾತರಿ ಕೊಡುತ್ತದೆ. ಉದ್ದಿಮೆ ಕೊಳ್ಳುವುದಕ್ಕೂ ಈ ಸಾಲ ಸಿಗುತ್ತದೆ. ಕೊಳ್ಳುವವರ ಕಡೆಯಿಂದ ಕನಿಷ್ಠ 10% ಬಂದರೆ ಸಾಕು. ಒಬ್ಬರೇ ಸ್ವಂತವಾಗಿ ಹುಡುಕಿ ಕೊಳ್ಳುವವರಲ್ಲಿ ಹೆಚ್ಚಿನವರು ಹಿಡಿಯುವ ದಾರಿ ಇದು.

ಆದರೆ 20% ಅಥವಾ ಅದಕ್ಕಿಂತ ಜಾಸ್ತಿ ಪಾಲು ಇರುವವರು ವೈಯಕ್ತಿಕ ಜಾಮೀನು ಹಾಕಬೇಕು. ಉದ್ದಿಮೆ ಮುಳುಗಿದರೆ ಮನೆಯೂ ಹೋಗಬಹುದು. "ಸ್ವಂತ ದುಡ್ಡು ಬೇಡ" ಎಂದು ಹೇಳುವವರು ಈ ಷರತ್ತನ್ನು ಸುಮ್ನೆ ದಾಟಿಸಿಬಿಡುತ್ತಾರೆ. ಅಮೆರಿಕದಲ್ಲಿರುವ ಕನ್ನಡಿಗರು ಇನ್ನೊಂದನ್ನು ತಿಳಿದಿರಬೇಕು. 2025ರಿಂದ ಈ ಸಾಲಕ್ಕೆ ಪೌರತ್ವದ ನಿಯಮ ಬಿಗಿಯಾಗಿದೆ. ಎಚ್-1ಬಿ ವೀಸಾದಲ್ಲಿರುವವರು ಈ ಸಾಲ ನಂಬಿಕೊಂಡು ಅಂಗಡಿಯನ್ನೋ ಪೆಟ್ರೋಲ್ ಬಂಕನ್ನೋ ಕೊಳ್ಳುವ ಲೆಕ್ಕ ಹಾಕುವಂತಿಲ್ಲ.

ನಮ್ಮ ರಿಸರ್ವ್ ಬ್ಯಾಂಕಿನ ಘೋಷಣೆ ಇದರಂತಲ್ಲ. ಅದೇ ಅಕ್ಟೋಬರ್‌ನಲ್ಲಿ ಹೊರಬಂದ ಕರಡು ನಿಯಮಗಳನ್ನು ನೋಡಿದರೆ ಅದು ಯಾರಿಗೆ ಎಂಬುದು ಗೊತ್ತಾಗುತ್ತದೆ. ಆ ಕರಡಿನ ಪ್ರಕಾರ ಕೊಳ್ಳುವ ಕಂಪನಿ ಷೇರುಪೇಟೆಯಲ್ಲಿ ನೋಂದಾಯಿಸಿರಬೇಕಿತ್ತು, ಮೂರು ವರ್ಷ ಲಾಭ ತೋರಿಸಿರಬೇಕಿತ್ತು, ಬೆಲೆಯ 30% ತಾನೇ ಹಾಕಬೇಕಿತ್ತು. ಬ್ಯಾಂಕ್ ಹೆಚ್ಚೆಂದರೆ 70% ಕೊಡಬಹುದಿತ್ತು. ಒಂದು ದೊಡ್ಡ ಸಿಮೆಂಟ್ ಕಂಪನಿ ಇನ್ನೊಂದನ್ನು ಕೊಳ್ಳುವ ತರದ ವ್ಯವಹಾರಕ್ಕೆ ಇದು ದಾರಿ. ಹೂಡಿಕೆದಾರರ ಬೆಂಬಲ ಇರುವ ಒಬ್ಬ ಎಂಜಿನಿಯರ್ ಹೊಸದಾಗಿ ಕಂಪನಿ ತೆರೆದು ಮಷೀನ್ ಶಾಪ್ ಕೊಳ್ಳಲು ಹೋದರೆ ಆ ಕಂಪನಿಗೆ ಹಿಂದಿನ ಒಂದು ವರ್ಷದ ಲೆಕ್ಕವೂ ಇರುವುದಿಲ್ಲ.

ಹಾಗಾದರೆ ನಮ್ಮ ಉದಾಹರಣೆಯ 5 ಕೋಟಿ ಸಾಲ ಎಲ್ಲಿಂದ? ಒಂದೋ ಹೆಚ್ಚಿನ ಬಡ್ಡಿಗೆ ಬ್ಯಾಂಕೇತರ ಹಣಕಾಸು ಸಂಸ್ಥೆಗಳಿಂದ, ಇಲ್ಲವೇ ಆಸ್ತಿ ಅಡವಿಟ್ಟು, ಇಲ್ಲವೇ ಯಜಮಾನರ ಕಂತನ್ನೇ ದೊಡ್ಡದು ಮಾಡಿ. 11% ಇದ್ದ ಬಡ್ಡಿ 16% ಆದರೆ ವರ್ಷಕ್ಕೆ ಇನ್ನೂ 25 ಲಕ್ಷ ಹೋಗುತ್ತದೆ. ಕೈಯಲ್ಲಿ ಉಳಿದಿದ್ದ 32 ಲಕ್ಷದ ಹೆಚ್ಚಿನ ಪಾಲು ಅಲ್ಲಿಗೆ ಮುಗಿಯಿತು. ಭಾರತದಲ್ಲಿ ಸರ್ಚ್ ಫಂಡುಗಳು ಇನ್ನೂ ಬೆರಳೆಣಿಕೆಯಲ್ಲೇ ಇರುವುದಕ್ಕೆ ಇದು ದೊಡ್ಡ ಕಾರಣ.

ಜಾಗದ ಬೆಲೆಯಾ, ಕೆಲಸದ ಬೆಲೆಯಾ

ಮಾತುಕತೆ ಮುರಿದುಬೀಳುವುದು ಹೆಚ್ಚಾಗಿ ಇಲ್ಲಿ. ಯಜಮಾನರು ಮೂವತ್ತು ವರ್ಷದ ಹಿಂದೆ ಕೆಲವೇ ಲಕ್ಷಕ್ಕೆ ಜಾಗ ತೆಗೆದುಕೊಂಡಿರುತ್ತಾರೆ. ಇವತ್ತು ಪಕ್ಕದ ಜಾಗ ಚದರಡಿಗೆ ಎಷ್ಟಕ್ಕೆ ಹೋಯಿತು ಎಂಬುದು ಅವರಿಗೆ ಬಾಯಿಪಾಠ. ಅವರು ಜಾಗದಿಂದ ಲೆಕ್ಕ ಶುರು ಮಾಡುತ್ತಾರೆ. ಕೊಳ್ಳುವವರು ಲಾಭದಿಂದ ಶುರು ಮಾಡುತ್ತಾರೆ. ಜಾಗವೇ 15 ಕೋಟಿ ಬಾಳುವಾಗ, ಜಾಗ, ಯಂತ್ರ, ಆರ್ಡರ್ ಎಲ್ಲ ಸೇರಿ 12 ಕೋಟಿ ಎಂದರೆ ಯಾರು ಒಪ್ಪುತ್ತಾರೆ? ಅವರ ಲೆಕ್ಕದಲ್ಲಿ ತಪ್ಪಿಲ್ಲ. ಕೊಳ್ಳುವವರ ಲೆಕ್ಕದಲ್ಲೂ ತಪ್ಪಿಲ್ಲ. ಆ ಜಾಗದಿಂದ ಬರುವ ಕಾರ್ಖಾನೆಯ ಲಾಭ ಆ ಬೆಲೆಯ ಸಾಲವನ್ನು ತೀರಿಸುವುದಿಲ್ಲ, ಅಷ್ಟೇ.

ಇದಕ್ಕೆ ಒಂದು ಪರಿಹಾರ ಎಂದರೆ ಜಾಗವನ್ನು ಯಜಮಾನರ ಮನೆಯವರ ಹೆಸರಿನಲ್ಲೇ ಬಿಟ್ಟು ಬಿಸಿನೆಸ್ ಮಾತ್ರ ಕೊಳ್ಳುವುದು. ಅವರಿಗೆ ತಿಂಗಳ ಬಾಡಿಗೆ ಬರುತ್ತದೆ, ಜಾಗದ ಬೆಲೆ ಏರಿದರೆ ಅದೂ ಅವರದೇ. ಆದರೆ ಆಗ ಲಾಭದ ಲೆಕ್ಕ ಬದಲಾಗುತ್ತದೆ. ಇಲ್ಲಿಯವರೆಗೆ ಯಜಮಾನರು ತಮ್ಮದೇ ಶೆಡ್ಡಿಗೆ ಬಾಡಿಗೆ ಹಾಕಿಕೊಂಡಿರುವುದಿಲ್ಲ. ತಿಂಗಳಿಗೆ 2 ಲಕ್ಷ ಬಾಡಿಗೆ ಎಂದರೆ ವರ್ಷಕ್ಕೆ 24 ಲಕ್ಷ. 3 ಕೋಟಿ ಲಾಭ 2 ಕೋಟಿ 76 ಲಕ್ಷವಾಯಿತು. ನಾಲ್ಕು ಪಟ್ಟಿನ ಲೆಕ್ಕದಲ್ಲಿ ಬೆಲೆಯೂ 96 ಲಕ್ಷ ಇಳಿಯಬೇಕು. ಬಾಡಿಗೆಯೂ ಬೇಕು, 12 ಕೋಟಿಯೂ ಬೇಕು ಅಂದರೆ ಭಾರ ಮತ್ತೆ ಕಾರ್ಖಾನೆಯ ಮೇಲೆಯೇ. ಜಾಗ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯದ್ದಾಗಿದ್ದರೆ (ಕೆಐಎಡಿಬಿ) ಕೈ ಬದಲಾಯಿಸುವ ಮೊದಲು ಮಂಡಳಿಯ ಅನುಮತಿಯ ವಿಷಯವೂ ಬರುತ್ತದೆ. ಅದಕ್ಕೆ ಹಿಡಿಯುವ ಸಮಯವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪುಸ್ತಕದಲ್ಲಿ ಕಾಣದ ಲಾಭ

"ಪುಸ್ತಕದಲ್ಲಿ ಇಷ್ಟೇ ಇರೋದು, ನಿಜವಾದ ಲಾಭ ಇನ್ನೂ ಜಾಸ್ತಿ ಸಾರ್." ಈ ಮಾತು ಬಂದ ಕೂಡಲೇ ಹೊರಗಿನ ಹೂಡಿಕೆದಾರರು ಎದ್ದು ಹೋಗುತ್ತಾರೆ. ಪುಸ್ತಕದ ಹೊರಗಿನ ಲಾಭಕ್ಕೆ ಪುಸ್ತಕದೊಳಗಿನ ದುಡ್ಡು ಕೊಡಲು ಬರುವುದಿಲ್ಲ. ತೆರಿಗೆ ಉಳಿಸಲು ವರ್ಷಾನುಗಟ್ಟಲೆ ಲಾಭ ಕಡಿಮೆ ತೋರಿಸಿದವರು ಮಾರುವ ದಿನ ಅದರ ಬೆಲೆ ತೆರುತ್ತಾರೆ. ಬಚ್ಚಿಟ್ಟ ಪ್ರತಿ ಒಂದು ರೂಪಾಯಿ ಲಾಭಕ್ಕೆ ಮಾರಾಟದ ಬೆಲೆಯಲ್ಲಿ ನಾಲ್ಕು ರೂಪಾಯಿ ಹೋಗುತ್ತದೆ. ಜಿಎಸ್‌ಟಿ ಬಂದ ಮೇಲೆ ಗಿರಾಕಿಯ ರಿಟರ್ನ್ ಮತ್ತು ಇವರ ರಿಟರ್ನ್ ತಾಳೆ ನೋಡುವುದು ಸುಲಭವಾಗಿದೆ. ಆಡಿಟರ್ ಬಳಿ ಬಚ್ಚಿಡುವ ಜಾಗ ಮುಂಚಿನಷ್ಟು ಉಳಿದಿಲ್ಲ.

ಕಂಪನಿಯ ಖರ್ಚಿನಲ್ಲಿ ಸೇರಿರುವ ಮನೆಯ ಕಾರು, ಕೆಲಸಕ್ಕೆ ಬಾರದ ಸಂಬಂಧಿಕರ ಸಂಬಳ ಬೇರೆ ವಿಷಯ. ದಾಖಲೆ ಇದ್ದರೆ ಅವನ್ನು ಲಾಭಕ್ಕೆ ವಾಪಸ್ ಸೇರಿಸಿ ಲೆಕ್ಕ ಹಾಕಬಹುದು. ಆದರೆ ಯಜಮಾನರು ತಮಗೆ ಸಂಬಳವೇ ತೆಗೆದುಕೊಳ್ಳದಿದ್ದರೆ, ಅವರ ಜಾಗಕ್ಕೆ ಬರುವ ಮ್ಯಾನೇಜರ್ ಸಂಬಳವನ್ನು ಕಳೆಯಲೂಬೇಕು.

ಷೇರಾ, ಬಿಸಿನೆಸ್ಸಾ

ಕಂಪನಿಯ ಷೇರು ಕೊಂಡರೆ ಲೈಸೆನ್ಸು, ಗಿರಾಕಿಗಳ ವೆಂಡರ್ ಕೋಡು (ಅವರಲ್ಲಿ ಸರಬರಾಜುದಾರರಾಗಿ ಇರುವ ನೋಂದಣಿ), ಕರಾರುಗಳು ಎಲ್ಲ ಹಾಗೇ ಮುಂದುವರಿಯುತ್ತವೆ. ಹಳೆಯ ತೆರಿಗೆ ನೋಟಿಸು, ಕೋರ್ಟ್ ಕೇಸುಗಳೂ ಜೊತೆಯಲ್ಲೇ ಬರುತ್ತವೆ. ಷೇರು ಕೊಳ್ಳಲು ಮಾಡಿದ ಸಾಲದ ಬಡ್ಡಿ ಕೊಳ್ಳುವವರ ಕಂಪನಿಯ ಹೆಸರಲ್ಲಿರುತ್ತದೆ, ಲಾಭ ಕಾರ್ಖಾನೆ ಕಂಪನಿಯ ಹೆಸರಲ್ಲಿರುತ್ತದೆ. ಎರಡೂ ವಿಲೀನವಾಗುವ ತನಕ ಆ ಬಡ್ಡಿಯನ್ನು ಆ ಲಾಭದಲ್ಲಿ ಕಳೆಯಲು ಆಗುವುದಿಲ್ಲ. ತೆರಿಗೆ ಜಾಸ್ತಿಯಾಗುತ್ತದೆ. ಮೇಲಿನ ಲೆಕ್ಕದ 52 ಲಕ್ಷ ಆಗ 65 ಲಕ್ಷ ದಾಟುತ್ತದೆ.

ಇನ್ನೊಂದು ದಾರಿ ಸ್ಲಂಪ್ ಸೇಲ್. ಯಂತ್ರ, ಸ್ಟಾಕು, ಬಾಕಿ ಎಲ್ಲವನ್ನೂ ಬಿಡಿಬಿಡಿಯಾಗಿ ಬೆಲೆ ಕಟ್ಟದೆ ಇಡೀ ಬಿಸಿನೆಸ್ಸನ್ನು ಒಂದೇ ಮೊತ್ತಕ್ಕೆ ಹೊಸ ಕಂಪನಿಗೆ ಮಾರುವುದು. ನಡೆಯುತ್ತಿರುವ ಬಿಸಿನೆಸ್ಸನ್ನು ಹೀಗೆ ಇಡಿಯಾಗಿ ಕೊಟ್ಟರೆ ಜಿಎಸ್‌ಟಿ ಇಲ್ಲ. ಬಡ್ಡಿ ಮತ್ತು ಲಾಭ ಒಂದೇ ಕಂಪನಿಯಲ್ಲಿ ಸೇರುತ್ತವೆ. ಆದರೆ ಪ್ರತಿ ಗಿರಾಕಿಯ ಹತ್ತಿರ ಹೋಗಿ ಹೊಸ ಹೆಸರಿಗೆ ಕೋಡ್ ಮಾಡಿಸಬೇಕು. ಆಗ ಅವರು ರೇಟ್ ಇಳಿಸಿ ಎಂದು ಕೂರಬಹುದು. ಇನ್ನು, ಹಳೆಯ ಜಿಎಸ್‌ಟಿ ಬಾಕಿ, ಪಿಎಫ್ ಬಾಕಿ ಸ್ಲಂಪ್ ಸೇಲಿನಲ್ಲೂ ಪೂರ್ತಿ ಬಿಟ್ಟುಹೋಗುವುದಿಲ್ಲ. ಕಾನೂನು ಮಾರಿದವರನ್ನೂ ಕೊಂಡವರನ್ನೂ ಜಂಟಿಯಾಗಿ ಹೊಣೆ ಮಾಡುತ್ತದೆ.

ಕೆಲಸಗಾರರ ಲೆಕ್ಕ

ಬೆಲೆಯ ಮಾತುಕತೆಯಲ್ಲಿ ಕೊನೆಗೆ ಬರುವ, ಆದರೆ ಮೊದಲೇ ಬರಬೇಕಾದ ವಿಷಯ ಗ್ರಾಚ್ಯುಟಿ. ಒಬ್ಬರ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800 ರೂಪಾಯಿ ಎಂದಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 800. ಸೇವೆಯ ಒಂದು ವರ್ಷಕ್ಕೆ 15 ದಿನದ ಲೆಕ್ಕದಲ್ಲಿ 12,000. ಹದಿನೈದು ವರ್ಷಕ್ಕೆ 1 ಲಕ್ಷ 80 ಸಾವಿರ. ಇಂಥ ಮೂವತ್ತು ಜನ ಇದ್ದರೆ 54 ಲಕ್ಷ.

ಈ 54 ಲಕ್ಷ ಅವರು ಆಗಲೇ ದುಡಿದದ್ದು. ಎಷ್ಟೋ ಸಣ್ಣ ಕಾರ್ಖಾನೆಗಳಲ್ಲಿ ಇದಕ್ಕೆಂದು ಹಣ ತೆಗೆದಿಟ್ಟಿರುವುದಿಲ್ಲ. ಸೇವೆ ಮುಂದುವರಿಯುತ್ತದೆ ಎಂದು ಒಪ್ಪಿಕೊಂಡು ಕೊಂಡರೆ ಇದು ಹೊಸಬರ ಸಾಲ. ಬೆಲೆಯಲ್ಲಿ ಕಳೆಯದಿದ್ದರೆ ಬೆಲೆಯೇ 12 ಕೋಟಿ 54 ಲಕ್ಷ ಆದ ಹಾಗೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ದಾಟಿದ ಭಾಗವೂ ವೇತನದ ಲೆಕ್ಕಕ್ಕೆ ಬರುತ್ತದೆ. ಮೂಲ ವೇತನ ಕಡಿಮೆ ತೋರಿಸಿದ ಕಡೆಗಳಲ್ಲಿ ಈ ಮೊತ್ತ ಇನ್ನೂ ಏರುತ್ತದೆ.

ಪರ ಏನು, ವಿರೋಧ ಏನು

ಇದನ್ನು ಬೆಂಬಲಿಸುವವರ ವಾದ ಗಟ್ಟಿಯಾಗಿದೆ. ನಡೆಸುವವರಿಲ್ಲದೆ ಕಾರ್ಖಾನೆ ಮುಚ್ಚಿದರೆ ಯಂತ್ರ ಗುಜರಿಗೆ, ಜಾಗ ಅಪಾರ್ಟ್‌ಮೆಂಟಿಗೆ, ಮೂವತ್ತು ಕೆಲಸಗಾರರು ಬೀದಿಗೆ. ಅದರ ಬದಲು ಓದಿದ, ಹುರುಪಿರುವ ಒಬ್ಬರು ಬಂದು ಲೆಕ್ಕಪತ್ರ ಸರಿಮಾಡಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಹಾಕಿ, ಹೊಸ ಗಿರಾಕಿಗಳನ್ನು ತಂದರೆ ಎಲ್ಲರಿಗೂ ಒಳ್ಳೆಯದು. ಶೂನ್ಯದಿಂದ ಶುರು ಮಾಡುವ ಸ್ಟಾರ್ಟಪ್ಪಿಗಿಂತ ಇದರಲ್ಲಿ ಅಪಾಯವೂ ಕಡಿಮೆ. ಗಿರಾಕಿ ಇದ್ದಾನೆ ಎಂಬುದು ಮೊದಲೇ ಗೊತ್ತಿರುತ್ತದೆ.

ವಿರೋಧಿಸುವವರ ಆತಂಕ ಹೂಡಿಕೆದಾರರ ಗಡಿಯಾರದ ಬಗ್ಗೆ. ಅವರು ಐದಾರು ವರ್ಷದಲ್ಲಿ ಹಣ ಹಲವು ಪಟ್ಟಾಗಿ ವಾಪಸ್ ಬರಲಿ ಎಂದು ಕಾಯುತ್ತಾರೆ. ಫೌಂಡ್ರಿಯ ಲಾಭ ತಾನಾಗಿ ಅಷ್ಟು ವೇಗದಲ್ಲಿ ಬೆಳೆಯುವುದಿಲ್ಲ. ಆಗ ಉಳಿಯುವುದು ರೇಟ್ ಏರಿಸುವುದು, ಕಾಯಂ ಕೆಲಸಗಾರರ ಜಾಗಕ್ಕೆ ಗುತ್ತಿಗೆಯವರನ್ನು ತರುವುದು, ಇಲ್ಲವೇ ಹತ್ತಾರು ಸಣ್ಣ ಕಂಪನಿಗಳನ್ನು ಒಟ್ಟುಮಾಡಿ ದೊಡ್ಡವರಿಗೆ ಮಾರುವುದು. ಬ್ರಿಟನ್ನಿನ ಪಶು ಆಸ್ಪತ್ರೆಗಳು ಇದಕ್ಕೆ ಕಣ್ಣೆದುರಿನ ಉದಾಹರಣೆ. 2013ರಲ್ಲಿ ಅಲ್ಲಿ ದೊಡ್ಡ ಗುಂಪುಗಳ ಕೈಯಲ್ಲಿ ಇದ್ದದ್ದು ಸುಮಾರು 10% ಕ್ಲಿನಿಕ್ಕುಗಳು. ಹತ್ತು ವರ್ಷದಲ್ಲಿ ಅದು 60%ರ ಹತ್ತಿರ ಬಂತು. ಚಿಕಿತ್ಸೆಯ ದರದ ಬಗ್ಗೆ ದೂರು ಹೆಚ್ಚಿ, 2024ರಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ತನಿಖೆಗೆ ಇಳಿಯಿತು.

ಎರಡೂ ಮಾತು ನಿಜ. ಯಾವುದು ಆಗುತ್ತದೆ ಎಂಬುದು ಕೊಂಡವರ ಒಳ್ಳೆಯತನಕ್ಕಿಂತ ಸಾಲದ ಗಾತ್ರವನ್ನು ಅವಲಂಬಿಸಿರುತ್ತದೆ. ವರ್ಷಕ್ಕೆ 32 ಲಕ್ಷ ಉಳಿಸಿಕೊಂಡವರು ಕೆಲಸಗಾರರಿಗೆ ಬೋನಸ್ ಕೊಡಬಹುದು. 12 ಲಕ್ಷ ಕಡಿಮೆ ಬಿದ್ದವರು ಎಷ್ಟೇ ಒಳ್ಳೆಯವರಾದರೂ ಮೊದಲು ಕತ್ತರಿ ಹಾಕುವುದು ಸಂಬಳಕ್ಕೆ.

ಮುಂದೆ ಏನಾಗಬಹುದು

ಬ್ಯಾಂಕ್ ಸಾಲ ದೊಡ್ಡ ಕಂಪನಿಗಳತ್ತ ಹರಿಯುವುದರಿಂದ ಸಣ್ಣ ಕಾರ್ಖಾನೆಗಳನ್ನು ಮೊದಲು ಕೊಳ್ಳುವವರು ಅವುಗಳ ದೊಡ್ಡ ಗಿರಾಕಿಗಳು ಅಥವಾ ಪಕ್ಕದ ಬೀದಿಯ ಸ್ವಲ್ಪ ದೊಡ್ಡ ಕಾರ್ಖಾನೆಗಳೇ ಆಗಬಹುದು. ಹೊರಗಿನಿಂದ ಬರುವ ಹೊಸಬರಿಗೆ ಉಳಿಯುವ ದಾರಿ ಹೂಡಿಕೆದಾರರ ಬಂಡವಾಳ ಜಾಸ್ತಿ, ಸಾಲ ಕಡಿಮೆ, ಯಜಮಾನರ ಕಂತು ದೊಡ್ಡದು. ಅಂದರೆ ನಮ್ಮಲ್ಲಿ ಬ್ಯಾಂಕಿನ ಪಾತ್ರವನ್ನು ಬಹುಮಟ್ಟಿಗೆ ಮಾರುವವರೇ ವಹಿಸುತ್ತಾರೆ.

ಆದ್ದರಿಂದಲೇ ಮಾರುವವರ ರಕ್ಷಣೆಯ ಬಗ್ಗೆ ಈಗಲೇ ಮಾತಾಡಬೇಕು. ಸಣ್ಣ ಕಾರ್ಖಾನೆಗಳ ಸಿಸಿ ಖಾತೆಗೆ, ಅಂದರೆ ದಿನನಿತ್ಯದ ವಹಿವಾಟಿಗೆ ತೆಗೆದ ಬ್ಯಾಂಕ್ ಸಾಲಕ್ಕೆ, ಯಜಮಾನರು ವೈಯಕ್ತಿಕ ಜಾಮೀನು ಹಾಕಿರುತ್ತಾರೆ, ಎಷ್ಟೋ ಸಲ ವಾಸದ ಮನೆಯನ್ನೇ ಅಡವಿಟ್ಟಿರುತ್ತಾರೆ. ಷೇರು ಮಾರಿದ ಮಾತ್ರಕ್ಕೆ ಆ ಜಾಮೀನು ಬಿಟ್ಟುಹೋಗುವುದಿಲ್ಲ. ಜಪಾನಿನಲ್ಲಿ ಕೊಂಡವರು ಕಂಪನಿಯ ಖಾತೆಯಿಂದ ಹಣ ಎತ್ತಿಕೊಂಡು ಕೈಕೊಟ್ಟ, ಹಳೆಯ ಯಜಮಾನರ ತಲೆಯ ಮೇಲೆ ಜಾಮೀನು ಹಾಗೇ ಉಳಿದ ಪ್ರಕರಣಗಳು ಬೆಳಕಿಗೆ ಬಂದವು. ಅಲ್ಲಿನ ಸಣ್ಣ ಉದ್ದಿಮೆಗಳ ಸಂಸ್ಥೆ 2024ರ ಆಗಸ್ಟಿನಲ್ಲಿ ತನ್ನ ಮಾರ್ಗಸೂಚಿಯನ್ನು ಬಿಗಿ ಮಾಡಬೇಕಾಯಿತು. ನಮ್ಮಲ್ಲಿ ಸಣ್ಣ ಉದ್ದಿಮೆಗಳ ಮಾರಾಟಕ್ಕೆಂದೇ ಇಂಥ ಮಾರ್ಗಸೂಚಿ ಬರುವ ತನಕ ಯಜಮಾನರು ಮತ್ತು ಅವರ ವಕೀಲರು ಮಾಡಬಹುದಾದ ಕೆಲಸ ಒಂದಿದೆ. ಜಾಮೀನು ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರ ಮತ್ತು ಮನೆಯ ಮೂಲ ದಾಖಲೆಗಳು ಟೇಬಲ್ ಮೇಲೆ ಬಂದ ಮೇಲಷ್ಟೇ ಷೇರು ವರ್ಗಾವಣೆಗೆ ಸಹಿ ಎಂದು ಕರಾರಿನಲ್ಲಿ ಬರೆಸಿಕೊಳ್ಳುವುದು.